ಹಳೆಯ ಪೆಟ್ಟಿಗೆಯಲ್ಲಿ ಪರರ ಗಂಟು

ನಮ್ಮ ಮನೆಯ ಜಗಲಿಗೆ ತಾಗಿದಂತೆ ಒಂದು ಸಣ್ಣ ಕೋಣೆ ಇದೆ. ಅತ್ತೆಯವರ ಕಾಲದಲ್ಲಿ ಅದರಲ್ಲಿ ಅಡಿಕೆ ಮೂಟೆ ಇಡುತ್ತಿದ್ದರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಡಿ.ಟಿ.ಪಿ. ಕಲಿತು ಆ ಕೋಣೆಯನ್ನು ನನ್ನ ಆಫೀಸು ಮಾಡಿಕೊಂಡೆ. ಈಗ ಇಪ್ಪತ್ತೈದು ವರ್ಷಗಳಾದವು. ಸಾಗರದ ಈ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ, ಗೃಹಪ್ರವೇಶವಾದರೂ, ಸ್ತ್ರೀಶಕ್ತಿ ಗುಂಪಿನ ಲೆಕ್ಕಪತ್ರ ಸಿದ್ಧವಾಗಬೇಕಾದರೂ ಮೊದಲು ಜಗಲಿಯ ಮೆಟ್ಟಿಲು ಹತ್ತಿ ಬರುವುದು ನನ್ನ ಬಳಿಗೇ. ದೊಡ್ಡ ಸಂಪಾದನೆಯಲ್ಲ. ಆದರೆ ಕೈಯಲ್ಲಿ ನನ್ನದೆನ್ನುವ ನಾಲ್ಕು ಕಾಸು ಇರುವ ಧೈರ್ಯ ಎಂಥದೆಂದು ನನ್ನ ವಯಸ್ಸಿನ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕೋಣೆಯ ಯಜಮಾನಿ ನಾನಲ್ಲ, 2008ರಲ್ಲಿ ಕೊಂಡ ಒಂದು ಕಂಪ್ಯೂಟರು. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿಯ ಹಳೆಯ ಅಕ್ಷರಗಳು. ಸಿಡಿಲು ಬಡಿದು ಟೆಲಿಫೋನು ಸುಟ್ಟ ವರ್ಷವೂ ಅದು ಉಳಿದುಕೊಂಡಿತು. ಒಳಗಿನ ಫ್ಯಾನು ಎರಡು ಸಲ ಬದಲಾಗಿದೆ, ಕೀಲಿಮಣೆ ಐದಾರು ಸಲ. ಬೆಳಿಗ್ಗೆ ಗುಂಡಿ ಒತ್ತಿದರೆ ಆ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ತೆರೆದುಕೊಳ್ಳುವುದನ್ನು ನೋಡಿದಾಗ, ದಿನವೂ ಹಾಲು ಹಾಕುವವಳ ಮುಖ ಕಂಡಷ್ಟೇ ಸಮಾಧಾನ.

ಈ ನಡುವೆ ಅಕ್ಕನ ಮಗಳು ನನ್ನ ಜೊತೆ ಕೆಲಸಕ್ಕೆ ಸೇರಿಕೊಂಡಳು. ಅವಳದೊಂದು ಲ್ಯಾಪ್‌ಟಾಪು, 2019ರಲ್ಲಿ ಕೊಂಡದ್ದು. ಅವಳು ಬೆರಳಚ್ಚು ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ತಂದು ನನ್ನ ಪೆಟ್ಟಿಗೆಗೆ ಹಾಕುವುದು, ನಾನು ತಿದ್ದಿದ್ದನ್ನು ಮತ್ತೆ ಅವಳಿಗೆ ಕೊಡುವುದು, ಹೀಗೆ ನಡೆಯುತ್ತಿತ್ತು. 2025ರ ಬೇಸಿಗೆಯಲ್ಲಿ ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತದ ಗಳಿಗೆ ಬದಲಾಯಿತು. ನಾನು ನನ್ನ ಕಂಪ್ಯೂಟರಿನಲ್ಲಿ ತಿದ್ದಿದೆ. ಪ್ರೆಸ್ಸಿಗೆ ಹೋದದ್ದು ಅವಳ ಬಳಿಯಿದ್ದ ತಿದ್ದದ ಪ್ರತಿ. ಐನೂರು ಪತ್ರಿಕೆ! ಮತ್ತೆ ನನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿಕೊಟ್ಟೆ. ಖರ್ಚಿಗಿಂತ ಹುಡುಗಿಯ ತಂದೆಯ ಮುಖ ನೋಡುವುದೇ ಕಷ್ಟವಾಯಿತು.

ಆಗ ಅಕ್ಕನ ಮಗಳು, "ಚಿಕ್ಕಮ್ಮ, ನಮಗೊಂದು ಸರ್ವರ್ ಬೇಕು" ಎಂದಳು. ಸರ್ವರ್ ಎಂದರೆ ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ತಣ್ಣಗಿನ ಕೋಣೆಯಲ್ಲಿ ಇಡುವಂಥದು ಎಂದುಕೊಂಡಿದ್ದೆ. ಅವಳು ನಕ್ಕಳು. ಸರ್ವ್ ಎಂದರೆ ಬಡಿಸುವುದು, ಸರ್ವರ್ ಎಂದರೆ ಬಡಿಸುವವಳು, ಅಷ್ಟೇ. ಪಂಕ್ತಿಯಲ್ಲಿ ಕುಳಿತವರೆಲ್ಲ ಎದ್ದು ಒಳಗೆ ಹೋಗಿ ಪಾತ್ರೆಗೆ ಸೌಟು ಹಾಕುವುದಿಲ್ಲವಲ್ಲ? ಒಬ್ಬಳು ಪಾತ್ರೆ ಹಿಡಿದು ನಿಂತಿರುತ್ತಾಳೆ, ಕೇಳಿದವರಿಗೆ ಬಡಿಸುತ್ತಾಳೆ. ಹಾಗೆಯೇ ಕಡತಗಳೆಲ್ಲ ಒಂದೇ ಕಡೆ ಇದ್ದು, ಇಬ್ಬರೂ ಅಲ್ಲಿಂದಲೇ ತೆಗೆದು ತಿದ್ದಿ ಅಲ್ಲಿಗೇ ಇಟ್ಟರೆ ಯಾವುದು ಹಳೆಯ ಪ್ರತಿ, ಯಾವುದು ಹೊಸದು ಎಂಬ ಗೊಂದಲವೇ ಇಲ್ಲ.

ಆದರೆ ಅದಕ್ಕೆ ಬೇರೊಂದು ಯಂತ್ರ ಬೇಕು ಎಂದು ಅವಳೆಂದಾಗ ನಾನು ಒಪ್ಪಲಿಲ್ಲ. ಇಷ್ಟು ಗಟ್ಟಿಮುಟ್ಟಾದ ಪೆಟ್ಟಿಗೆ ಇರುವಾಗ ಇನ್ನೊಂದೇಕೆ? ನಾವು ಬೆಳೆದದ್ದೇ ಹಾಗೆ. ಹರಿದ ಸೀರೆ ಕೌದಿಯಾಗಬೇಕು, ಕೌದಿ ಸವೆದರೆ ನೆಲ ಒರೆಸುವ ಬಟ್ಟೆಯಾಗಬೇಕು. ನಡೆಯುತ್ತಿರುವುದನ್ನು ಬಿಸಾಡುವುದು ನನಗೆ ಅನ್ನ ಚೆಲ್ಲಿದಂತೆ. ಅವಳು ಇನ್ನೆರಡು ಮಾತು ಆಡಿ, ಚಿಕ್ಕಮ್ಮನ ಹಟ ಗೊತ್ತಿದ್ದುದರಿಂದ ಸುಮ್ಮನಾದಳು.

ಆಷಾಢದ ಒಂದು ಮಧ್ಯಾಹ್ನ, ಹೊರಗೆ ಮಳೆ ಸುರಿಯುತ್ತಿರುವಾಗ, ತಂತಿ ಎಳೆದು ಹಳೆಯ ಪೆಟ್ಟಿಗೆಯನ್ನು ವೈಫೈ ಡಬ್ಬಿಗೆ ಸೇರಿಸಿದೆವು. ಎಕ್ಸ್‌ಪಿಯ ಆ ಬಗೆಯಲ್ಲಿ ಒಟ್ಟಿಗೆ ಹತ್ತು ಯಂತ್ರಗಳಿಗಿಂತ ಹೆಚ್ಚು ಬಂದು ಕೇಳುವಂತಿಲ್ಲ ಎಂಬ ಮಿತಿ ಇದೆ. ನಾವಿಬ್ಬರೇ ಇರುವ ಮನೆಗೆ ಹತ್ತು ಹೆಚ್ಚೇ ಆಯಿತು. ಆದರೆ ಲ್ಯಾಪ್‌ಟಾಪಿಗೆ ಹಳೆಯ ಪೆಟ್ಟಿಗೆ ಕಣ್ಣಿಗೇ ಬೀಳಲಿಲ್ಲ. ಹುಡುಕಿದ ಮೇಲೆ ಕಾರಣ ತಿಳಿಯಿತು. ಯಂತ್ರಗಳು ಕಡತ ಕೊಟ್ಟು ತೆಗೆದುಕೊಳ್ಳಲು ಮಾತಾಡುವ ಒಂದು ಭಾಷೆ ಇದೆಯಂತೆ. ಎಕ್ಸ್‌ಪಿಗೆ ಬರುವುದು ಅದರ ಮೊದಲ ರೂಪ, ಎಸ್.ಎಂ.ಬಿ. ಒಂದು ಎಂಬುದು ಮಾತ್ರ. ಆ ರೂಪ ಅಪಾಯದ್ದೆಂದು 2017ರ ಕೊನೆಯ ಹೊತ್ತಿನಿಂದ ಹೊಸದಾಗಿ ಹಾಕುವ ವಿಂಡೋಸಿನಲ್ಲಿ ಅದನ್ನು ತಾನಾಗಿಯೇ ಹಾಕಿ ಕೊಡುವುದನ್ನು ನಿಲ್ಲಿಸಿದ್ದಾರೆ. ಇವೆರಡೂ ಮಾತಾಡಬೇಕಾದರೆ ಹಳೆಯದಕ್ಕೆ ಹೊಸ ಭಾಷೆ ಕಲಿಸಲು ಬರುವುದಿಲ್ಲ. ಹೊಸದರಲ್ಲಿ ಬಿಟ್ಟ ಹಳೆಯ ಭಾಷೆಯನ್ನು ಮತ್ತೆ ತಂದು ಕೂಡಿಸಬೇಕು.

"ಹಳೇ ಮನೆ ಬಾಗಿಲಿಗೆ ಬೀಗ ಹಾಕಕ್ಕೆ ಆಗಲ್ಲ ಅಂತ ಹೊಸ ಮನೆ ಬೀಗಾನೂ ತೆಗೆದಿಟ್ಟ ಹಾಗಾಯ್ತು ಚಿಕ್ಕಮ್ಮ" ಎಂದಳು ಅವಳು. ನಾನು, "ನಮ್ಮನೇಲಿ ಕಳ್ಳ ಏನು ಕದೀತಾನೆ, ಲಗ್ನಪತ್ರಿಕೇನಾ?" ಎಂದು ನಗಾಡಿದೆ. ಅವಳು ಅರೆಮನಸ್ಸಿನಿಂದಲೇ ಮಾಡಿಕೊಟ್ಟಳು.

ಮೂರು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಪೆನ್‌ಡ್ರೈವು ಮೂಲೆ ಸೇರಿತು. ದುಡ್ಡು ಉಳಿಸಿದೆ ಎಂದು ನಾನು ಬಂದವರೆದುರು ಹೇಳಿಕೊಂಡದ್ದೂ ಉಂಟು.

ದೀಪಾವಳಿಗೆ ಅಣ್ಣನ ಸಂಸಾರ ಬಂದಿತ್ತು. ಅಣ್ಣನ ಮಗ ಪಿ.ಯು.ಸಿ. ಓದುವ ಹುಡುಗ. ಬಂದೊಡನೆ ವೈಫೈ ಗುಟ್ಟಿನ ಪದ ಕೇಳಿದ, ಹೇಳಿದೆ. ಊಟಕ್ಕೆ ಕುಳಿತಾಗಲೂ ಫೋನು ಬಿಡದ ಹುಡುಗ ತಲೆಯೆತ್ತದೆ, "ಅತ್ತೆ, ನಿಮ್ಮ ಕಂಪ್ಯೂಟರ್ ಪೂರಾ ಇಲ್ಲಿ ಕಾಣ್ತಾ ಇದೆ. ಇದ್ಯಾರು..." ಎಂದು ಒಂದು ಹೆಸರು ಓದಿ, "ದೂರು ಅಂತ ಬೇರೆ ಇದೆ" ಎಂದ.

ನನ್ನ ಕೈಯಲ್ಲಿದ್ದ ತುತ್ತು ಹಾಗೆಯೇ ಉಳಿಯಿತು. "ಯಾವುದೋ ಸಂಘದ ಕಾಗದ, ಫೋನ್ ಇಡು, ಊಟ ಮಾಡು" ಎಂದೆ. ಎದುರಿಗೆ ಕುಳಿತಿದ್ದ ಅತ್ತಿಗೆಯ ತವರು ಆ ಹೆಂಗಸಿನ ಊರಿನ ಪಕ್ಕದ್ದೇ. ಅತ್ತಿಗೆ ಏನೂ ಕೇಳಲಿಲ್ಲ. ಕೇಳಿಸಿಕೊಂಡರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಆ ಕಾಗದದ ಕತೆ ಇಷ್ಟು. ಎರಡು ವರ್ಷದ ಹಿಂದೆ ಒಬ್ಬಾಕೆ ಮಳೆಯಲ್ಲಿ ನೆನೆದುಕೊಂಡು ಬಂದಿದ್ದಳು. ಮಹಿಳಾ ಆಯೋಗಕ್ಕೆ ಕಳಿಸಲು ಗಂಡನ ಮೇಲೆ ಒಂದು ದೂರು ಬೆರಳಚ್ಚು ಮಾಡಿಸಬೇಕಿತ್ತು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ನಡುವೆ ಎರಡು ಸಲ ನಿಲ್ಲಿಸಿ ನೀರು ಕೊಟ್ಟೆ. ಮೂರು ದಿನದ ಮೇಲೆ ಬಂದು, "ಈಗ ಕಳಿಸಲ್ಲ ಅಕ್ಕಾ, ಮಗಳ ಪರೀಕ್ಷೆ ಮುಗೀಲಿ" ಎಂದಳು. ಕಳಿಸಲೇ ಇಲ್ಲ. ಆ ಗಂಡನ ಮನೆಯಲ್ಲಿಯೇ ಇದ್ದಾಳೆ. ಕಳಿಸಿದ ದೂರಿಗಿಂತ ಕಳಿಸದ ದೂರು ಎಷ್ಟು ಹೆಚ್ಚು ಅಪಾಯದ್ದೆಂದು ಆ ರಾತ್ರಿ ನಿದ್ದೆ ಬಾರದೆ ಹೊರಳುವಾಗ ಹೊಳೆಯಿತು. ಕಳಿಸಿದ್ದರೆ ಅದಕ್ಕೊಂದು ರಕ್ಷಣೆಯಾದರೂ ಇರುತ್ತಿತ್ತು. ನುಡಿಯ ಹಳೆಯ ಅಕ್ಷರವಾದ್ದರಿಂದ ಹುಡುಗ ಆ ಕಡತ ತೆರೆದಿದ್ದರೂ ಅವನ ಫೋನಿನಲ್ಲಿ ಅರ್ಥವಿಲ್ಲದ ಗೀಚುಗಳಂತೆ ಕಾಣುತ್ತಿತ್ತು. ಆದರೆ ಕಡತಕ್ಕೆ ನಾನಿಟ್ಟ ಹೆಸರು ಸ್ಪಷ್ಟವಾಗಿ ಇಂಗ್ಲಿಷ್ ಅಕ್ಷರದಲ್ಲಿತ್ತು. ಬೇಗ ಸಿಗಲೆಂದು ನಾನೇ ಇಟ್ಟದ್ದು.

ಮರುದಿನ ಅಕ್ಕನ ಮಗಳನ್ನು ಕೂರಿಸಿಕೊಂಡು ಎಲ್ಲ ಕೇಳಿ ತಿಳಿದೆ. ಎಕ್ಸ್‌ಪಿಯಲ್ಲಿ ಸರಳ ಹಂಚಿಕೆ ಎಂಬುದೊಂದಿದೆ. ಅದನ್ನು ಹಾಗೆಯೇ ಬಿಟ್ಟರೆ ಬಂದವರೆಲ್ಲರೂ ಅತಿಥಿಗಳೇ, ಯಾರೆಂದು ಅದು ಕೇಳುವುದೇ ಇಲ್ಲ. ಮನೆಯ ವೈಫೈಗೆ ಸೇರಿದವರಿಗೆಲ್ಲ ಹಂಚಿಟ್ಟದ್ದು ಕಾಣುತ್ತದೆ. ನಾನು ಹಂಚಿಟ್ಟದ್ದು ಒಂದು ಕಪಾಟನ್ನಲ್ಲ, ಎಲ್ಲವನ್ನೂ. ಎಕ್ಸ್‌ಪಿ ಹೊರಬಂದದ್ದು 2001ರ ಅಕ್ಟೋಬರಿನಲ್ಲಿ. ತಯಾರಿಸಿದ ಮೈಕ್ರೋಸಾಫ್ಟ್ ಅದರ ದುರಸ್ತಿ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಅಂದಿನಿಂದ ಅದರಲ್ಲಿ ಬಿರುಕು ಸಿಕ್ಕರೆ ವಾಡಿಕೆಯಂತೆ ಮುಚ್ಚುವವರಿಲ್ಲ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಕೆಟ್ಟ ತಂತ್ರಾಂಶ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ ಕಡತಗಳಿಗೆ ತಾನೇ ಬೀಗ ಜಡಿದು, ದುಡ್ಡು ಕೊಟ್ಟರೆ ತೆರೆಯುತ್ತೇನೆ ಎಂದಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆಗಳು ರದ್ದಾದವು. ಅದು ಯಂತ್ರದಿಂದ ಯಂತ್ರಕ್ಕೆ ಹಾರಿದ್ದು ನಾವು ಹಟ ಹಿಡಿದು ತಂದು ಕೂಡಿಸಿದ ಅದೇ ಹಳೆಯ ಭಾಷೆಯಲ್ಲಿದ್ದ ಒಂದು ಬಿರುಕಿನಿಂದ.

ಇದನ್ನೆಲ್ಲ ಕೇಳಿದ ಮೇಲೆ ನನ್ನನ್ನು ಕಾಡಿದ್ದು ಕಂಪ್ಯೂಟರಿನ ಪ್ರಶ್ನೆಯಲ್ಲ. ಮಿತವ್ಯಯ ಒಳ್ಳೆಯ ಗುಣವೆಂದೇ ನಾವೆಲ್ಲ ನಂಬಿ ಬದುಕಿದವರು. ಆ ಗುಣ ಯಾವ ಗಳಿಗೆಯಲ್ಲಿ ತಪ್ಪಾಗುತ್ತದೆ?

ಮೊದಲು ನನ್ನ ಪರವಾಗಿಯೇ ವಾದಿಸಿ ನೋಡಿದೆ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಮುದಿಯೆಂದು ಘೋಷಿಸುವ ಹಕ್ಕು ಕಂಪನಿಗೆ ಯಾರು ಕೊಟ್ಟರು? ನನ್ನ ಪೆಟ್ಟಿಗೆ ಕೆಟ್ಟಿಲ್ಲ, ಎಲ್ಲೋ ಕುಳಿತವರು ಒಂದು ತಾರೀಕು ಬರೆದರು, ಅದು ಹಳತಾಯಿತು. ಅಕ್ಕನ ಮಗಳ ಲ್ಯಾಪ್‌ಟಾಪಿನ ವಿಂಡೋಸ್ ಹತ್ತಕ್ಕೂ 2025ರ ಅಕ್ಟೋಬರ್ 14ರಂದು, ಅಂದರೆ ಆ ದೀಪಾವಳಿಗೆ ಒಂದು ವಾರ ಮೊದಲು, ಸಾಮಾನ್ಯ ದುರಸ್ತಿ ಮುಗಿದಿತ್ತು. ಹೀಗೆ ತಾರೀಕು ಹಾಕಿದಾಗಲೆಲ್ಲ ಬಿಸಾಡುತ್ತ ಹೋದರೆ ಆ ಕಸವೆಲ್ಲ ಎಲ್ಲಿಗೆ ಹೋಗಬೇಕು? ಈ ಸಿಟ್ಟಿನಲ್ಲಿ ನ್ಯಾಯವಿದೆ, ಈಗಲೂ ಹಾಗೆಯೇ ಅನಿಸುತ್ತದೆ. ಆದರೆ ಹನ್ನೆರಡೂವರೆ ವರ್ಷ ದುರಸ್ತಿ ಮಾಡಿಕೊಟ್ಟವರು ಇನ್ನು ಆಗದು ಎಂದರೆ ಅದನ್ನು ಪೂರಾ ಮೋಸವೆನ್ನಲೂ ಆಗದು. ಅದಕ್ಕಿಂತ ಹೆಚ್ಚಾಗಿ, ಕಂಪನಿಯ ಮೇಲಿನ ಸಿಟ್ಟು ನನ್ನದು, ಅದರ ಅಪಾಯ ಹೊರುವವಳು ಆ ಹೆಂಗಸು. ನನ್ನ ಸಿಟ್ಟಿಗೆ ಅವಳ ಬದುಕನ್ನು ಅಡವಿಡಲು ನಾನು ಯಾರು?

ಇಲ್ಲಿಗೆ ಬಂದಾಗ ದಾರಿ ಸ್ವಲ್ಪ ಕಂಡಿತು. ತೂತು ಬಿದ್ದ ಕೊಡೆ ಹಿಡಿದು ನಾನೊಬ್ಬಳೇ ನಡೆದರೆ ಅದು ನನ್ನ ಮಿತವ್ಯಯ. ಅದೇ ಕೊಡೆಯಡಿ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಹೊರಟರೆ ಅದು ಮಿತವ್ಯಯವಲ್ಲ. ನನ್ನ ವಸ್ತುವಿನಲ್ಲಿ ಉಳಿತಾಯ ಮಾಡಲು ನನಗೆ ಪೂರ್ಣ ಹಕ್ಕಿದೆ, ಪರರ ಭದ್ರತೆಯಲ್ಲಿ ಉಳಿತಾಯ ಮಾಡಲು ಇಲ್ಲ. ನನ್ನ ಪೆಟ್ಟಿಗೆಯಲ್ಲಿದ್ದದ್ದು ಲಗ್ನಪತ್ರಿಕೆಗಳಷ್ಟೇ ಅಲ್ಲವಲ್ಲ! ಜಾತಕಗಳಿದ್ದವು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳಿದ್ದವು, ಆಧಾರ್ ಸಂಖ್ಯೆಗಳಿದ್ದವು, ಒಬ್ಬ ಅಜ್ಜಿಯ ಉಯಿಲಿನ ಕರಡಿತ್ತು. ಕಳ್ಳ ಏನು ಕದೀತಾನೆ ಎಂದು ನಗಾಡಿದ ಬಾಯಿ ನನ್ನದೇ.

ಬಿ.ಎ.ಯಲ್ಲಿ ಓದಿದ ಭಾಸನ ಸ್ವಪ್ನವಾಸವದತ್ತ ನಾಟಕ ನೆನಪಾಯಿತು. ಅಲ್ಲಿ ಮಂತ್ರಿ ಯೌಗಂಧರಾಯಣ ವಾಸವದತ್ತೆಯನ್ನು ತನ್ನ ತಂಗಿಯೆಂದು ಹೇಳಿ ರಾಜಕುಮಾರಿ ಪದ್ಮಾವತಿಯ ಬಳಿ ನ್ಯಾಸವಾಗಿ ಬಿಡುತ್ತಾನೆ. ನ್ಯಾಸವೆಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಹಾಗೆಯೇ ಹಿಂತಿರುಗಿಸಬೇಕಾದ್ದು. ಅದನ್ನು ಒಪ್ಪಿಕೊಳ್ಳುವ ಮುನ್ನ ಪದ್ಮಾವತಿಯ ವೃದ್ಧ ಕಂಚುಕಿ ಹಿಂದೆಮುಂದೆ ನೋಡುತ್ತಾನೆ, ನ್ಯಾಸ ಕಾಯುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತು. ನಮ್ಮ ಸಂಸತ್ತು 2023ರಲ್ಲಿ ಜನರ ಖಾಸಗಿ ಮಾಹಿತಿಯ ರಕ್ಷಣೆಗೆ ಒಂದು ಕಾಯಿದೆ ಮಾಡಿತು. ಅದರಲ್ಲಿ ಮಾಹಿತಿ ಇಟ್ಟುಕೊಳ್ಳುವವರನ್ನು ಡೇಟಾ ಫಿಡ್ಯೂಶಿಯರಿ ಎಂದು ಕರೆದಿದ್ದಾರೆ. ನಿಘಂಟು ತೆಗೆದು ನೋಡಿದೆ. ನಂಬಿಕೆಯ ಮೇಲೆ ಇನ್ನೊಬ್ಬರದನ್ನು ಕಾಯುವವರು ಎಂದೇ ಆ ಮಾತಿನ ಅರ್ಥ. ಭಾಸನ ಕಂಚುಕಿ ಅನುಮಾನಿಸಿದ ಕೆಲಸವನ್ನು ನಾನು ಇಪ್ಪತ್ತೈದು ವರ್ಷದಿಂದ ಪುಟಕ್ಕೆ ಇಷ್ಟು ರೂಪಾಯಿ ಎಂದು ಮಾಡುತ್ತಿದ್ದೆ, ಅನುಮಾನವೇ ಇಲ್ಲದೆ.

ಹಾಗಾದರೆ ಹಳೆಯದೆಲ್ಲ ಅಪಾಯವೇ? ಈ ಪ್ರಶ್ನೆ ನನ್ನ ವಯಸ್ಸಿನವರಿಗೆ ಸ್ವಲ್ಪ ಚುಚ್ಚುವಂಥದು. ಉತ್ತರ ಸಿಕ್ಕಿದ್ದು ಅಟ್ಟದ ಮೇಲಿಂದ. ಮಗಳು ಕಾಲೇಜಿಗೆ ಸೇರಿದಾಗ, 2012ರಲ್ಲಿ, ಕೊಡಿಸಿದ್ದ ಕಂಪ್ಯೂಟರು ಅಲ್ಲಿ ಧೂಳು ಹಿಡಿದಿತ್ತು. ಅದನ್ನು ಇಳಿಸಿ, ಒರೆಸಿ, ಎರಡು ಹೊಸ ಡಿಸ್ಕು ತರಿಸಿದೆವು. ಎರಡೂ ಸೇರಿ ಮದುವೆಗೆ ಉಡುವ ರೇಷ್ಮೆ ಸೀರೆಯಷ್ಟೂ ಬೆಲೆಯಾಗಲಿಲ್ಲ. ಒಂದನ್ನು ಒಳಗೆ ಕೂರಿಸಿ ಅದರಲ್ಲಿ ಅಕ್ಕನ ಮಗಳು ಡೆಬಿಯನ್ ಎಂಬ ಲಿನಕ್ಸ್ ಹಾಕಿದಳು. ಇದಕ್ಕೆ ದುಡ್ಡಿಲ್ಲ. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಸೇರಿ ನಡೆಸುವ ಕೆಲಸ. ಸಾಂಬಾ ಎಂಬ ಇನ್ನೊಂದು ತಂತ್ರಾಂಶ ಲಿನಕ್ಸ್ ಯಂತ್ರಕ್ಕೆ ವಿಂಡೋಸಿನ ಭಾಷೆಯಲ್ಲಿ ಬಡಿಸುವುದನ್ನು ಕಲಿಸುತ್ತದೆ, ಹಳೆಯ ರೂಪದಲ್ಲಲ್ಲ, ಹೊಸದರಲ್ಲಿ.

ನನಗೆ ಆಶ್ಚರ್ಯವಾದದ್ದು ಏನೆಂದರೆ, ಡೆಬಿಯನ್ ಶುರುವಾದದ್ದು 1993ರಲ್ಲಿ. ಎಕ್ಸ್‌ಪಿಗಿಂತ ಎಂಟು ವರ್ಷ ಹಿರಿಯ! ಆದರೂ ಅದು ಬದುಕಿದೆ, ಏಕೆಂದರೆ ಬಿರುಕು ಕಂಡರೆ ಮುಚ್ಚುವವರು ಇದ್ದಾರೆ. ಇನ್ನೊಂದು ಸಂಗತಿ. ವಾನಾಕ್ರೈಗೆ ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ, ಆಗಿನ್ನೂ ದುರಸ್ತಿಯಲ್ಲಿದ್ದ ವಿಂಡೋಸ್ ಏಳರವು. ಮದ್ದು ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲೇ, ಬಂದಿತ್ತು. ಮನೆಗೆ ತಂದು ಹಾಕಿಕೊಂಡಿರಲಿಲ್ಲ ಅಷ್ಟೆ. ಅಂದರೆ ವಯಸ್ಸಾಗುವುದು ಬೇರೆ, ದಿಕ್ಕಿಲ್ಲದಾಗುವುದು ಬೇರೆ. ನೋಡಿಕೊಳ್ಳುವವರಿದ್ದರೆ ಹಳತು ಹೊರೆಯಲ್ಲ, ಇಲ್ಲದಿದ್ದರೆ ನಿನ್ನೆ ಕೊಂಡದ್ದೂ ಅನಾಥವೇ. ನನ್ನ ಎಕ್ಸ್‌ಪಿಯ ತಪ್ಪು ಅದರ ವಯಸ್ಸಲ್ಲ. ಅದಕ್ಕೆ ಶಕ್ತಿಯಿಲ್ಲದ ಕೆಲಸಕ್ಕೆ, ಬೀದಿಬಾಗಿಲು ಕಾಯುವ ಕೆಲಸಕ್ಕೆ, ಅದನ್ನು ನಿಲ್ಲಿಸಿದವಳು ನಾನು.

ಇಷ್ಟಾದರೂ ದೊಡ್ಡ ಕೆಲಸ ಬಾಕಿ ಇತ್ತು. ಆಕೆಗೆ ಹೇಳಬೇಕೇ? ನಮ್ಮ ಮನೆಯವರು, "ಏನೂ ಆಗಿಲ್ಲವಲ್ಲ, ಸುಮ್ಮನೆ ಅವಳ ನಿದ್ದೆ ಯಾಕೆ ಕೆಡಿಸ್ತೀಯ?" ಎಂದರು. ಕರುಣೆಯ ಮಾತೇ. ಆದರೆ ಅದರಲ್ಲಿ ನನಗೂ ಅನುಕೂಲವಿತ್ತು. ನನಗೆ ಅನುಕೂಲವಾದ ಕರುಣೆಯ ಮೇಲೆ ನನಗೆ ಯಾವಾಗಲೂ ಒಂದು ಅನುಮಾನ. ಅತ್ತಿಗೆ ಕೇಳಿಸಿಕೊಂಡಿದ್ದರೆ? ಅಪಾಯ ಅವಳದಾಗಿರುವಾಗ ಅದು ಎಷ್ಟು ದೊಡ್ಡದೆಂದು ಅಳೆಯಬೇಕಾದವಳೂ ಅವಳೇ ಅಲ್ಲವೇ?

ಸಂತೆಯ ದಿನ ಸಿಕ್ಕಾಗ ಒಳಗೆ ಕರೆದು, ಮೊದಲಿಂದ ಕೊನೆಯವರೆಗೆ ಹೇಳಿದೆ. ಯಾರು ಯಾರು ಕುಳಿತಿದ್ದರು ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತ ಕುಳಿತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಕೊನೆಗೆ, "ಅದು ಇನ್ನೂ ಇದೆಯಾ ಅಕ್ಕಾ? ನೀವು ಅವತ್ತೇ ಅಳಿಸಿದೀರಿ ಅಂದ್ಕಂಡಿದ್ದೆ" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಭದ್ರವಾಗಿ ಇಡಬೇಕಿತ್ತು ಎಂದು ಕೊರಗುತ್ತಿದ್ದೆನೇ ಹೊರತು, ಇಡಬೇಕೆಂದು ಅವಳು ಕೇಳಿದ್ದಳೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಏನನ್ನೂ ಬಿಸಾಡದ ನನ್ನ ಸ್ವಭಾವ ಅವಳ ದುಃಖವನ್ನೂ ಬಿಸಾಡದೆ ಎರಡು ವರ್ಷ ಕೂಡಿಟ್ಟಿತ್ತು. ನ್ಯಾಸ ಕಾಯುವುದರಲ್ಲಿ ಹಿಂತಿರುಗಿಸುವುದೂ ಒಂದು ಭಾಗವೆಂಬುದನ್ನು ಮರೆತಿದ್ದೆ.

ಅವಳೆದುರಿಗೇ ಒಂದು ಪ್ರತಿ ಮುದ್ರಿಸಿ ಕೈಗೆ ಕೊಟ್ಟೆ. ಓದಲಿಲ್ಲ, ಮಡಿಸಿ ಚೀಲದ ತಳಕ್ಕೆ ಸೇರಿಸಿದಳು. ಆಮೇಲೆ ಕಡತ ಅಳಿಸಿದೆವು. ಕಂಪ್ಯೂಟರಿನಲ್ಲಿ ಅಳಿಸುವುದೆಂದರೆ ಪಟ್ಟಿಯಿಂದ ಹೆಸರು ತೆಗೆಯುವುದು ಮಾತ್ರವಂತೆ. ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಒಳಗಿನದು ಹಾಗೆಯೇ ಇರುತ್ತದೆ. ಅಕ್ಕನ ಮಗಳು ಖಾಲಿ ಜಾಗದ ಮೇಲೆಲ್ಲ ಬರೆದು ಮುಚ್ಚುವ ಒಂದು ತಂತ್ರಾಂಶ ನಡೆಸಿದಳು. ಆಕೆ ಅದು ಮುಗಿಯುವವರೆಗೂ, ಬಸ್ಸು ತಪ್ಪಿದರೂ, ಕುಳಿತು ನೋಡಿಯೇ ಹೋದಳು.

ಈಗ ಹಳೆಯ ಪೆಟ್ಟಿಗೆಗೆ ತಂತಿಯಿಲ್ಲ. ಕೋಣೆಯ ಮೂಲೆಯಲ್ಲಿ ಅದರ ಪಾಡಿಗೆ ಅದಿದೆ. ಪೇಜ್‌ಮೇಕರಿನ ಹಳೆಯ ಕೆಲಸಗಳನ್ನು ಅದು ಬಿಟ್ಟರೆ ಬೇರಾರೂ ತೆರೆಯಲಾರರು. ಸ್ಮರಣ ಸಂಚಿಕೆಗಳನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಿಸುತ್ತಿದ್ದೇವೆ. ಬದಲಿಸಿದಾಗ ಅರ್ಕಾವತ್ತುಗಳು ದಾರಿ ತಪ್ಪುತ್ತವೆ, ಕೂತು ತಿದ್ದಬೇಕು. ಲ್ಯಾಪ್‌ಟಾಪಿನಿಂದ ಹಳೆಯ ಭಾಷೆಯನ್ನು ತೆಗೆದು, ವಿಂಡೋಸ್ ಹನ್ನೊಂದಕ್ಕೆ ಏರಿಸಿದೆವು. ಅಟ್ಟದಿಂದ ಇಳಿದದ್ದು ಈಗ ಬಡಿಸುತ್ತದೆ. ಅವಳಿಗೊಂದು, ನನಗೊಂದು ಗುಟ್ಟಿನ ಪದ, ಬಂದ ನೆಂಟರಿಗೆ ಬೇರೆಯೇ ವೈಫೈ. ಎರಡನೆಯ ಡಿಸ್ಕಿಗೆ ಪ್ರತಿ ಶುಕ್ರವಾರ ಎಲ್ಲದರ ನಕಲು ಮಾಡಿ ಅಕ್ಕನ ಮನೆಯಲ್ಲಿಡುತ್ತೇವೆ, ಸರ್ವರೊಂದೇ ಇದ್ದರೆ ಸಿಡಿಲಿಗೆ ಉತ್ತರವಿಲ್ಲ. ಅಂದೇ ದುರಸ್ತಿಗಳನ್ನೂ ಹಾಕುತ್ತೇವೆ. ಡೆಬಿಯನ್ನಿನ ಈ ಆವೃತ್ತಿಗೂ ಸುಮಾರು ಐದು ವರ್ಷದ ಆಯುಷ್ಯ, ಆಮೇಲೆ ಮುಂದಿನದಕ್ಕೆ ಏರಬೇಕು. ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ, ದೇವರ ದೀಪದ ಹಾಗೆ ದಿನವೂ ಎಣ್ಣೆ ನೋಡುತ್ತಿರಬೇಕು.

ಇನ್ನೊಂದು ಹೊಸ ರೂಢಿಯೂ ಬಂದಿದೆ. ಕೆಲಸ ಮುಗಿಸಿ ಕಾಗದ ಕೈಗಿಡುವಾಗ, "ನನ್ನ ಹತ್ತಿರ ಇರಲೋ, ಅಳಿಸಲೋ?" ಎಂದು ಕೇಳುತ್ತೇನೆ. ಹೆಚ್ಚಿನವರು, "ಇರಲಿ ಬಿಡಿ, ಏನಾಯ್ತೀಗ" ಎನ್ನುತ್ತಾರೆ. ಕೆಲವು ಹೆಂಗಸರು ಮಾತ್ರ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ಅವರು ಹೇಳುವ ಮೊದಲೇ ನನಗೆ ಅರ್ಥವಾಗುತ್ತದೆ. ಕುರ್ಚಿಯೊಂದನ್ನು ಪರದೆಯ ಹತ್ತಿರಕ್ಕೆ ಎಳೆದು, ಕುಳಿತು ನೋಡಲು ಹೇಳುತ್ತೇನೆ.